ಮಾವನ ಗಲ್ಲಾ ಲೆಕ್ಕ: ಸ್ಪಷ್ಟವಾಗಿ ಯೋಚಿಸಲು ಮೂರು ಸಾಲು

ದಾದರ್ ಸ್ಟೇಷನ್ನಿನಲ್ಲಿ ಒಂದು ಸಂಜೆ ನಡೆದದ್ದು ಇದು. ನಾನು ಭಾಂಡುಪ್‌ಗೆ ಹೋಗಬೇಕಿತ್ತು. ಬ್ರಿಡ್ಜ್ ಮೇಲೆ ನಡೆಯುತ್ತಿದ್ದಾಗ ಕೆಳಗೆ ಗಾಡಿಯೊಂದು ಬಂದು ನಿಂತಿತು. ನನ್ನ ಮುಂದಿದ್ದ ಹತ್ತಿಪ್ಪತ್ತು ಜನ ಓಡಿದರು, ನಾನೂ ಓಡಿದೆ. ಹೇಗೋ ಒಳಗೆ ನುಗ್ಗಿ ಹಿಡಿಕೆ ಹಿಡಿದು ನಿಂತಾಗ ಗೆದ್ದ ಖುಷಿ. ಘಾಟ್ಕೋಪರ್ ಬಿಟ್ಟ ಮೇಲೆ ಗಾಡಿ ವಿಕ್ರೋಲಿಯಲ್ಲಿ ನಿಲ್ಲದೆ ಹೋದಾಗ ಗೊತ್ತಾಯಿತು, ಅದು ಫಾಸ್ಟ್ ಗಾಡಿ. ನನ್ನ ಭಾಂಡುಪ್ ಕಣ್ಣೆದುರೇ ಹಾದುಹೋಯಿತು. ಥಾಣೆಯಲ್ಲಿ ಇಳಿದು, ಸ್ಲೋ ಗಾಡಿ ಹಿಡಿದು, ಹಿಂದಕ್ಕೆ ಬಂದು ಮನೆ ಸೇರಿದಾಗ ಮುಕ್ಕಾಲು ಗಂಟೆ ತಡ. ಮುಂಬಯಿಗೆ ಹೊಸದಾಗಿ ಬಂದವನಾಗಿದ್ದರೆ ಸರಿ, ಆಗಲೇ ನನಗೆ ಈ ಊರಲ್ಲಿ ಇಪ್ಪತ್ತು ವರ್ಷ ಕಳೆದಿತ್ತು.

ಇಂಡಿಕೇಟರ್ ನನ್ನ ತಲೆಯ ಮೇಲೆಯೇ ಇತ್ತು. ಒಂದು ಸಲ ತಲೆ ಎತ್ತಿದ್ದರೆ ಸಾಕಿತ್ತು. ನಾನು ನೋಡಿದ್ದು ಓಡುವ ಜನರನ್ನು ಮಾತ್ರ. "ಇವರು ಓಡುತ್ತಿದ್ದಾರೆ, ಅಂದರೆ ಇದು ನನ್ನ ಗಾಡಿ" ಎಂದು ಮನಸ್ಸೇ ತೀರ್ಮಾನ ಮಾಡಿಬಿಟ್ಟಿತು. ಗಾಡಿ ತಪ್ಪಿದರೆ ಮುಕ್ಕಾಲು ಗಂಟೆ ಹೋಗುತ್ತದೆ, ಅಷ್ಟೆ. ಇದೇ ರೀತಿ ಓಡಿ ಉಳಿತಾಯದ ಹಣವನ್ನೋ, ಕೆಲಸವನ್ನೋ, ಸಂಬಂಧವನ್ನೋ ಕಳೆದುಕೊಂಡರೆ ಹಿಂದಕ್ಕೆ ಬರಲು ಸ್ಲೋ ಗಾಡಿ ಸಿಗುವುದಿಲ್ಲ.

ದೋಸೆ ಮತ್ತು ಕಾಫಿ

ಒಂದು ಸಣ್ಣ ಲೆಕ್ಕ. ಒಂದು ಮಸಾಲೆ ದೋಸೆ, ಒಂದು ಕಾಫಿ ಸೇರಿ 110 ರೂಪಾಯಿ. ದೋಸೆಯ ಬೆಲೆ ಕಾಫಿಗಿಂತ 100 ರೂಪಾಯಿ ಹೆಚ್ಚು. ಹಾಗಾದರೆ ಕಾಫಿಗೆ ಎಷ್ಟು?

ಹತ್ತು ರೂಪಾಯಿ ಎಂದು ನಿಮ್ಮ ಮನಸ್ಸು ಹೇಳಿದ್ದರೆ ನಾಚಿಕೆಪಡಬೇಡಿ, ನನ್ನ ಮನಸ್ಸೂ ಅದನ್ನೇ ಹೇಳಿತ್ತು. ಕಾಫಿ ಹತ್ತಾದರೆ ದೋಸೆ ನೂರ ಹತ್ತು, ಒಟ್ಟು ನೂರ ಇಪ್ಪತ್ತಾಗುತ್ತದೆ. ಸರಿ ಉತ್ತರ ಐದು ರೂಪಾಯಿ. (ಐದು ರೂಪಾಯಿಗೆ ಕಾಫಿ ಈಗ ಎಲ್ಲಿ ಸಿಗುತ್ತದೆ ಎಂದು ಮಾತ್ರ ಕೇಳಬೇಡಿ.) ಶೇನ್ ಫ್ರೆಡರಿಕ್ ಎಂಬ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಬ್ಯಾಟು ಮತ್ತು ಚೆಂಡಿನ ಬೆಲೆಯ ಇಂಥದೇ ಪ್ರಶ್ನೆ ಇದೆ. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ಅದರಲ್ಲಿ ಎಡವಿದರು. ಗಣಿತ ಬಾರದೆ ಎಡವಿದವರಲ್ಲ ಅವರು. ಮೊದಲು ಹೊಳೆದ ಉತ್ತರವನ್ನು ಒರೆಗೆ ಹಚ್ಚಿ ನೋಡಲಿಲ್ಲ, ಅಷ್ಟೆ.

ಮನಶ್ಶಾಸ್ತ್ರಜ್ಞರಾಗಿದ್ದೂ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಡೇನಿಯಲ್ ಕಾಹ್ನೆಮನ್ ನಮ್ಮ ಯೋಚನೆಗೆ ಎರಡು ನಡಿಗೆ ಇದೆ ಎಂದು ವಿವರಿಸಿದ್ದಾರೆ. ಒಂದು ವೇಗದ್ದು. ರಸ್ತೆ ದಾಟುವಾಗ, ಮುಖ ಗುರುತಿಸುವಾಗ ಅದು ಬೇಕೇ ಬೇಕು. ಇನ್ನೊಂದು ನಿಧಾನದ್ದು, ಲೆಕ್ಕ ಹಾಕುವುದು. ಈ ಎರಡನೆಯದಕ್ಕೆ ಸ್ವಲ್ಪ ಸೋಮಾರಿತನ. ಮೊದಲನೆಯದು ಉತ್ತರ ಕೊಟ್ಟರೆ "ಸರಿ, ಇರಲಿ" ಎಂದು ಸಹಿ ಹಾಕಿಬಿಡುತ್ತದೆ.

ಹಾಗಾದರೆ ಆ ಸೋಮಾರಿಯನ್ನು ಎಬ್ಬಿಸುವುದು ಹೇಗೆ? ನನಗೆ ದಾರಿ ತೋರಿಸಿದ್ದು ಪುಸ್ತಕವಲ್ಲ, ನನ್ನ ಸೋದರಮಾವ.

ಮಾವನ ಮೂರು ಸಾಲು

ಮಾವ ಹದಿಮೂರನೇ ವಯಸ್ಸಿನಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದವರು. ಫೋರ್ಟ್‌ನ ಹೋಟೆಲೊಂದರಲ್ಲಿ ಟೇಬಲ್ ಒರೆಸುತ್ತ, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಮುಂದೆ ಮೂವತ್ತು ವರ್ಷ ಗಲ್ಲಾದಲ್ಲಿ ಕುಳಿತರು. ದಿನವೂ ಹೋಟೆಲ್ ಮುಚ್ಚಿದ ಮೇಲೆ ಉದ್ದನೆಯ ಪುಸ್ತಕದಲ್ಲಿ ಮೂರು ಸಾಲು ಬರೆಯುತ್ತಿದ್ದರು. ಒಂದು, ಕೈಯಲ್ಲಿರುವುದು. ಎರಡು, ಬರಬೇಕಾದದ್ದು, ಎಂದರೆ ಆಫೀಸುಗಳ ಉದ್ರಿ. ಮೂರು, ಬರಬಹುದಾದದ್ದು. ಹಬ್ಬದ ಆರ್ಡರು, ಯಾರೋ ಮಾತು ಕೊಟ್ಟ ಮದುವೆಯ ಊಟ, ಇಂಥವು.

"ಮೂರನ್ನೂ ಒಟ್ಟು ಕೂಡಿಸಿ ಶ್ರೀಮಂತ ಆದೆ ಅಂದುಕೊಂಡವನ ಹೋಟೆಲು ವರ್ಷದೊಳಗೆ ಮುಚ್ಚುತ್ತದೆ ಮಗಾ" ಎನ್ನುತ್ತಿದ್ದರು. ಚಿಕ್ಕಂದಿನಲ್ಲಿ ಅದು ಹೋಟೆಲಿನ ಲೆಕ್ಕ ಎಂದು ಕೇಳಿಸಿಕೊಂಡಿದ್ದೆ. ಅದು ಯೋಚಿಸುವ ಕ್ರಮ ಎಂದು ತಿಳಿದದ್ದು ನನಗೇ ಪೆಟ್ಟು ಬೀಳುವ ಹೊತ್ತಿಗೆ.

ಎಂಟು ವರ್ಷಗಳ ಹಿಂದೆ ಊರಿನ ಗೆಳೆಯನೊಬ್ಬ ಬಂದ. ನವಿ ಮುಂಬಯಿಯಲ್ಲಿ ಸ್ಟೇಷನ್ನಿಗೆ ಹತ್ತಿರದ ಹೋಟೆಲೊಂದು ಕಂಡಕ್ಟ್ ಮೇಲೆ ಸಿಗುತ್ತಿದೆ ಎಂದ. ಲೈಸೆನ್ಸು ಹಳೆಯ ಮಾಲೀಕರ ಹೆಸರಿನಲ್ಲೇ ಇರುತ್ತದೆ, ನಾವು ಡಿಪಾಸಿಟ್ ಇಟ್ಟು ತಿಂಗಳಿಗೆ ಇಷ್ಟು ಎಂದು ಕೊಟ್ಟು ನಡೆಸುವುದು. ಡಿಪಾಸಿಟ್ 20 ಲಕ್ಷ, ಇಬ್ಬರಿಗೂ ಹತ್ತು ಹತ್ತು. ನಾನು ಒಂದು ಖಾಸಗಿ ಕಂಪೆನಿಯ ಅಕೌಂಟ್ಸ್ ವಿಭಾಗದಲ್ಲಿದ್ದೆ. ಉಳಿಸಿದ್ದು ಎಲ್ಲ ಸೇರಿ 12 ಲಕ್ಷ. ಮಗಳು ಹತ್ತನೇ ತರಗತಿ.

"ಎಂತ ಯೋಚನೆ ಮಾರಾಯ? ನಮ್ಮವರು ಹೋಟೆಲಿನಲ್ಲಿ ಸೋತದ್ದುಂಟಾ? ನೋಡು ಮಾಟುಂಗಾದಲ್ಲಿ, ನೋಡು ಚೆಂಬೂರಿನಲ್ಲಿ" ಎಂದ ಗೆಳೆಯ. ನನಗೂ ಹೌದೆನ್ನಿಸಿತು. ಮರುದಿನವೇ ಒಂದು ಲಕ್ಷ ಟೋಕನ್ ಕೊಟ್ಟೆ. ದಾದರ್‌ನಲ್ಲಿ ಓಡಿದ ಹಾಗೆ ಓಡಿದೆ.

ಕಾಣದ ಬೋರ್ಡುಗಳು

ವಿಷಯ ತಿಳಿಸಲು ಹೋದಾಗ ಮಾವ ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಮಾಟುಂಗಾದಲ್ಲಿ ಇರುವ ಹೋಟೆಲು ಎಣಿಸಿದೆ. ಮುಚ್ಚಿದ್ದು ಎಣಿಸಿದೆಯಾ?"

ಮುಚ್ಚಿದ ಹೋಟೆಲಿಗೆ ಬೋರ್ಡು ಇರುವುದಿಲ್ಲ. ಅಲ್ಲಿ ಈಗ ಮೊಬೈಲ್ ಅಂಗಡಿ ಇರುತ್ತದೆ, ಬ್ಯಾಂಕು ಇರುತ್ತದೆ. ಅದನ್ನು ನಡೆಸಿದವನು ಸಾಲ ತೀರಿಸಲು ಮತ್ತೆ ಯಾರದೋ ಗಲ್ಲಾದಲ್ಲಿ ಕುಳಿತಿರುತ್ತಾನೆ. ಸಂಘದ ವಾರ್ಷಿಕೋತ್ಸವದಲ್ಲಿ ಅವನಿಗೆ ಶಾಲು ಹೊದಿಸುವವರಿಲ್ಲ.

ಮಾವ ಕೇಳಿದ ಪ್ರಶ್ನೆಯನ್ನೇ ಇನ್ನೊಬ್ಬರು ಬೇರೆಡೆ ಕೇಳಿದ್ದರು ಎಂದು ಆಮೇಲೆ ಓದಿದೆ. ಎರಡನೇ ಮಹಾಯುದ್ಧದ ಸಮಯ, 1943. ಅಬ್ರಹಾಂ ವಾಲ್ಡ್ ಎಂಬ ಸಂಖ್ಯಾಶಾಸ್ತ್ರಜ್ಞರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಮೆರಿಕದ ಸೇನೆಗಾಗಿ ಲೆಕ್ಕ ಹಾಕುತ್ತಿದ್ದರು. ಯುದ್ಧದಿಂದ ಮರಳಿದ ಬಾಂಬರ್ ವಿಮಾನಗಳ ಮೈಮೇಲೆ ಗುಂಡಿನ ತೂತುಗಳು. ತೂತು ಹೆಚ್ಚಿರುವ ಕಡೆ ದಪ್ಪ ತಗಡು ಹಾಕಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ವಾಲ್ಡ್ ಲೆಕ್ಕ ಹಾಕಿದ್ದು ಮರಳದ ವಿಮಾನಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ತೂತು ಬಿದ್ದೂ ವಿಮಾನ ಮರಳಿತೆಂದರೆ ಆ ಜಾಗಕ್ಕೆ ಏಟು ತಾಳುವ ಶಕ್ತಿ ಇದೆ. ಮರಳಿದವುಗಳಲ್ಲಿ ಎಲ್ಲಿ ತೂತು ಕಡಿಮೆಯೋ ಅಲ್ಲಿ ಏಟು ತಿಂದವು ಮರಳಲೇ ಇಲ್ಲ. ರಕ್ಷಣೆ ಬೇಕಾದದ್ದು ಅಲ್ಲಿಗೆ. ಈ ವಾಲ್ಡ್ 1950ರ ಡಿಸೆಂಬರಿನಲ್ಲಿ ಉಪನ್ಯಾಸಕ್ಕೆಂದು ಭಾರತಕ್ಕೆ ಬಂದಿದ್ದಾಗ ನೀಲಗಿರಿಯಲ್ಲಿ ನಡೆದ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಗೆದ್ದವರನ್ನಷ್ಟೇ ನೋಡಿ ದಾರಿ ಆರಿಸುವ ಅಭ್ಯಾಸ ವಲಸೆ ಬಂದ ನಮ್ಮಲ್ಲಿ ಹೆಚ್ಚು. ಊರಿಗೆ ಸುದ್ದಿ ಮುಟ್ಟುವುದು ಗೆದ್ದವರದ್ದು ಮಾತ್ರ ತಾನೆ?

ಬಸ್ ಸ್ಟಾಪಿನಲ್ಲಿ ಎರಡು ದಿನ

ಮಾವ ಒಂದು ಹಾಳೆ ಕೊಟ್ಟು ಮೂರು ಸಾಲು ಬರೆಯಲು ಹೇಳಿದರು. "ಗೊತ್ತಿರುವುದು, ಅಂದುಕೊಂಡದ್ದು, ಆಸೆ. ಬೇರೆ ಬೇರೆ ಬರೆ."

ಗೊತ್ತಿರುವುದರಲ್ಲಿ ಬಂದದ್ದು: ಡಿಪಾಸಿಟ್ 20 ಲಕ್ಷ. ತಿಂಗಳಿಗೆ ಮಾಲೀಕರಿಗೆ 1,20,000 ರೂಪಾಯಿ. ಕರಾರು ಮೂರು ವರ್ಷ. ನನಗೆ ಅಡುಗೆಮನೆ ನಡೆಸಿದ ಒಂದು ದಿನದ ಅನುಭವವೂ ಇಲ್ಲ.

ಅಂದುಕೊಂಡದ್ದು: ದಿನದ ವ್ಯಾಪಾರ 15,000. ಹಳೆಯ ಅಡುಗೆಯವರು ಬಿಟ್ಟುಹೋಗುವುದಿಲ್ಲ. ಗೆಳೆಯ ಇಡೀ ದಿನ ಅಲ್ಲೇ ಇರುತ್ತಾನೆ.

ಆಸೆ: ಇನ್ನೊಬ್ಬರ ಕೈಕೆಳಗಿನ ದುಡಿಮೆ ಸಾಕು. ಊರಿನ ಜಾತ್ರೆಗೆ ಹೋದಾಗ "ಮುಂಬಯಿಯಲ್ಲಿ ಸ್ವಂತ ಹೋಟೆಲುಂಟು" ಎಂದು ನಾಲ್ಕು ಜನ ಹೇಳಬೇಕು.

ಮಾವ ಓದಿ ಹೇಳಿದರು, "ಮೂರನೇ ಸಾಲಿನಲ್ಲಿ ತಪ್ಪೆಂತ ಇಲ್ಲ. ಆಸೆ ಇಲ್ಲದಿದ್ದರೆ ನಾನು ಬಸ್ಸು ಹತ್ತಿ ಈ ಊರಿಗೆ ಬರುತ್ತಿರಲಿಲ್ಲ. ಆದರೆ ಅದನ್ನು ಮೊದಲನೇ ಸಾಲಿಗೆ ಸೇರಿಸಬೇಡ. ಈ ಹದಿನೈದು ಸಾವಿರ ಯಾರು ಹೇಳಿದ್ದು?"

ಮಾಲೀಕರು ಗೆಳೆಯನಿಗೆ ಹೇಳಿದ್ದು, ಗೆಳೆಯ ನನಗೆ ಹೇಳಿದ್ದು. ಪುಸ್ತಕ ಯಾರೂ ನೋಡಿರಲಿಲ್ಲ. ಇಪ್ಪತ್ತು ವರ್ಷ ಕಂಪೆನಿಯ ಪೈಸೆ ಪೈಸೆಗೂ ವೋಚರ್ ಕೇಳಿದ ನಾನು ನನ್ನ ಹಣಕ್ಕೆ ಅದನ್ನು ಕೇಳಿರಲಿಲ್ಲ.

ಇಬ್ಬರೂ ಕೂತು ಲೆಕ್ಕ ಹಾಕಿದೆವು. ದಿನಕ್ಕೆ 15,000 ಎಂದರೆ ತಿಂಗಳಿಗೆ 4,50,000. ಅದರಲ್ಲಿ ನೂರಕ್ಕೆ ನಲವತ್ತು ದಿನಸಿ, ತರಕಾರಿ, ಹಾಲಿಗೆ ಎಂದು ಮಾವ ಹಿಡಿದರು, 1,80,000. ಮಾಲೀಕರಿಗೆ 1,20,000. ಕೆಲಸದವರ ಸಂಬಳ 1,10,000. ಗ್ಯಾಸು, ಲೈಟು, ನೀರು, ಚಿಲ್ಲರೆ 35,000. ಉಳಿಯುವುದು 5,000 ರೂಪಾಯಿ, ಅದೂ ಇಬ್ಬರಿಗೆ. ವ್ಯಾಪಾರ 18,000 ಆದರೆ ಸುಮಾರು 59,000 ಉಳಿಯುತ್ತದೆ. 12,000 ಆದರೆ ಕೈಯಿಂದ ತಿಂಗಳಿಗೆ ಹತ್ತಿರ ಹತ್ತಿರ ಅರ್ಧ ಲಕ್ಷ ಹಾಕಬೇಕು. ಎಲ್ಲವೂ ಯಾರೂ ನೋಡದ ಆ ಒಂದು ಸಂಖ್ಯೆಯ ಮೇಲೆ ನಿಂತಿತ್ತು.

"ಹೋಗಿ ಎದುರು ಕೂತು ಎಣಿಸು" ಎಂದರು ಮಾವ.

ಒಂದು ಭಾನುವಾರ, ಒಂದು ಸೋಮವಾರ ರಜೆ ಹಾಕಿ ಹೋಟೆಲಿನ ಎದುರಿನ ಬಸ್ ಸ್ಟಾಪಿನಲ್ಲಿ ಕುಳಿತೆ. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ. ಭಾನುವಾರ 190 ಗಿರಾಕಿಗಳು, ಸೋಮವಾರ 260. ನಡುನಡುವೆ ಒಳಗೆ ಹೋಗಿ ಚಹಾ ಕುಡಿದು ಅಕ್ಕಪಕ್ಕದ ಬಿಲ್ಲು ನೋಡಿದೆ, ತಲೆಗೆ ಸುಮಾರು 50 ರೂಪಾಯಿ. ಎಂದರೆ ಭಾನುವಾರ 9,500, ಸೋಮವಾರ 13,000. ಎರಡು ದಿನದ ಎಣಿಕೆಯಿಂದ ಇಡೀ ವರ್ಷ ಹೇಳಲಾಗದು, ನಿಜ. ಆದರೆ 15,000 ಎಂಬುದು ಮೊದಲ ಸಾಲಿಗೆ ಸೇರುವ ಸಂಖ್ಯೆಯಲ್ಲ ಎಂದು ತಿಳಿಯಲು ಅಷ್ಟು ಸಾಕಿತ್ತು.

"ಮುಚ್ಚಿತು ಅಂದುಕೊಳ್ಳಿ"

ಆದರೂ ಮನಸ್ಸು ಬಿಡಲಿಲ್ಲ. ಟೋಕನ್ ಕೊಟ್ಟ ಒಂದು ಲಕ್ಷ ಕಣ್ಣೆದುರಿತ್ತು. ಈಗ ಹಿಂದೆ ಸರಿದರೆ ಅದು ಹೋಯಿತು. ಆ ರಾತ್ರಿ ಹೆಂಡತಿ ಹೇಳಿದಳು, "ಒಂದು ಕೆಲಸ ಮಾಡಿ. ಹೋಟೆಲು ಶುರುವಾಗಿ ಎರಡು ವರ್ಷಕ್ಕೆ ಮುಚ್ಚಿತು ಅಂದುಕೊಳ್ಳಿ. ಯಾಕೆ ಮುಚ್ಚಿತು ಹೇಳಿ."

ನಡೆಯುತ್ತದೋ ಇಲ್ಲವೋ ಎಂದು ಕೇಳಿದ್ದರೆ ನಾನು ವಾದ ಮಾಡುತ್ತಿದ್ದೆ. ಮುಚ್ಚಿಯೇ ಆಯಿತು ಎಂದಮೇಲೆ ವಾದಕ್ಕೆ ಜಾಗವಿರಲಿಲ್ಲ. ಕಾರಣಗಳು ತಾವಾಗಿ ಬಂದವು. ಅಡುಗೆಯವರು ಊರಿಗೆ ಹೋಗಿ ಮರಳಲಿಲ್ಲ. ಗೆಳೆಯನ ತಂದೆಗೆ ಕಾಯಿಲೆಯಾಗಿ ಅವನು ಆರು ತಿಂಗಳು ಊರಲ್ಲೇ ಉಳಿದ. ಮಾಲೀಕರು ಬಾಡಿಗೆ ಹೆಚ್ಚು ಕೇಳಿದರು. ಐದು ನಿಮಿಷದಲ್ಲಿ ಏಳು ಕಾರಣ ಬರೆದಿದ್ದೆ, ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞರು ಕಂಪೆನಿಗಳಿಗೆ ಕಲಿಸುವುದು ಇದೇ ವಿಧಾನ. 2007ರಲ್ಲಿ ಅವರು ಅದರ ಬಗ್ಗೆ ಬರೆದ ಲೇಖನ ಪ್ರಸಿದ್ಧ. ನನ್ನ ಹೆಂಡತಿ ಅದನ್ನು ಓದಿದವಳಲ್ಲ. ಮನೆ ನಡೆಸುವವರಿಗೆ ಈ ಯೋಚನೆ ಹೊಸದಲ್ಲ.

ಟೋಕನ್ ಬಗ್ಗೆ ಅವಳು ಹೇಳಿದ್ದು ಇಷ್ಟು: "ಆ ಒಂದು ಲಕ್ಷ ಆಗಲೇ ಹೋಗಿದೆ. ಈಗ ಮಾತಾಡುತ್ತಿರುವುದು ಉಳಿದ ಒಂಬತ್ತರ ಬಗ್ಗೆ." ಕೊಟ್ಟದ್ದನ್ನು ಉಳಿಸಲು ಇನ್ನಷ್ಟು ಸುರಿಯುವುದು ಸರಕಾರಗಳೂ ಮಾಡುವ ತಪ್ಪು. ಬ್ರಿಟನ್, ಫ್ರಾನ್ಸ್ ಸೇರಿ ಕಟ್ಟಿದ ಕಾಂಕಾರ್ಡ್ ವಿಮಾನಕ್ಕೆ ಹಾಕಿದ ಹಣ ಮರಳುವುದಿಲ್ಲವೆಂದು ಗೊತ್ತಾದ ಮೇಲೂ ಸುರಿಯುತ್ತಲೇ ಹೋದರು. ಇಂದಿಗೂ ಈ ತಪ್ಪಿಗೆ ಆ ವಿಮಾನದ ಹೆಸರೇ ಇದೆ.

ನಾನು ಹಿಂದೆ ಸರಿದೆ. ಗೆಳೆಯ ಎಂಟು ತಿಂಗಳು ಮಾತು ಬಿಟ್ಟ.

ಹೋಟೆಲು ಮುಚ್ಚಲಿಲ್ಲ

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಜಾಣ ಎನ್ನಿಸಿಕೊಳ್ಳುತ್ತಿದ್ದೆ. ಆದರೆ ಆ ಹೋಟೆಲು ಮುಚ್ಚಲಿಲ್ಲ. ಗೆಳೆಯನಿಗೆ ಬೇರೆ ಪಾಲುದಾರ ಸಿಕ್ಕ. ಮೊದಲ ವರ್ಷ ಕಷ್ಟಪಟ್ಟರು. ಎರಡನೇ ವರ್ಷ ಪಕ್ಕದ ಖಾಲಿ ಕಟ್ಟಡಕ್ಕೆ ಎರಡು ದೊಡ್ಡ ಆಫೀಸುಗಳು ಬಂದವು. ಈಗ ಮಧ್ಯಾಹ್ನ ಅಲ್ಲಿ ಕೂರಲು ಜಾಗ ಸಿಗುವುದಿಲ್ಲ. ಕಳೆದ ವರ್ಷ ಒಂದು ಮದುವೆಯಲ್ಲಿ ಯಾರೋ ನನ್ನ ಬೆನ್ನು ತಟ್ಟಿ, "ನೀವೂ ಸೇರಿದ್ದರೆ ಇವತ್ತು ಶೆಟ್ರೇ ಅಂತ ಕರೀತಿದ್ವಿ" ಎಂದು ನಕ್ಕರು. ನಾನೂ ನಕ್ಕೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಎದ್ದು ಹಳೆಯ ಹಾಳೆ ಹುಡುಕಿ ತೆಗೆದೆ. ಮೂರು ಸಾಲೂ ಹಾಗೇ ಇದ್ದವು. ಆ ಕಟ್ಟಡಕ್ಕೆ ಆಫೀಸು ಬರುತ್ತದೆಂದು ಯಾವ ಸಾಲಿನಲ್ಲೂ ಇರಲಿಲ್ಲ. ನನಗೂ ಗೊತ್ತಿರಲಿಲ್ಲ, ಗೆಳೆಯನಿಗೂ ಗೊತ್ತಿರಲಿಲ್ಲ. ಅವನಿಗೆ ಊರಲ್ಲಿ ತೋಟವಿತ್ತು, ಸೋತರೂ ನಿಲ್ಲಲು ನೆಲವಿತ್ತು. ನನಗಿದ್ದದ್ದು ಆ 12 ಲಕ್ಷ ಮತ್ತು ಮಗಳ ಓದು. ಅದೇ ತೀರ್ಮಾನ ಅವನಿಗೆ ಸರಿ, ನನಗೆ ತಪ್ಪು ಆಗಿರಬಹುದಿತ್ತು. ಫಲ ಚೆನ್ನಾಗಿ ಬಂದ ಮಾತ್ರಕ್ಕೆ ತೀರ್ಮಾನ ಚೆನ್ನಾಗಿತ್ತು ಎನ್ನಲಾಗದು. ಹೆಲ್ಮೆಟ್ ಇಲ್ಲದೆ ಮನೆ ಮುಟ್ಟಿದವನು ಸರಿಯಾದ ಕೆಲಸ ಮಾಡಿದ ಎನ್ನುತ್ತೇವೆಯೇ?

ಬರೆದಿಡದೆ ಇದ್ದಿದ್ದರೆ ನನಗೆ ನಾನೇ ಸುಳ್ಳು ಹೇಳಿಕೊಳ್ಳುತ್ತಿದ್ದೆ. "ನನಗೆ ಆಗಲೇ ಗೊತ್ತಿತ್ತು, ಧೈರ್ಯ ಮಾಡಲಿಲ್ಲ" ಎಂದು ಕೊರಗುತ್ತಿದ್ದೆ. ನಡೆದ ಮೇಲೆ ಮೊದಲೇ ಗೊತ್ತಿತ್ತು ಎನ್ನಿಸುವುದು ಮನಸ್ಸಿನ ಸ್ವಭಾವ. ಬರೂಖ್ ಫಿಶ್‌ಹಾಫ್ ಮತ್ತು ರೂತ್ ಬೇತ್ ಎಂಬ ಸಂಶೋಧಕರು 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ, ರಷ್ಯಾಗಳಿಗೆ ಹೋಗುವ ಮೊದಲು ಏನೇನಾಗಬಹುದು ಎಂದು ವಿದ್ಯಾರ್ಥಿಗಳಿಂದ ಅಂದಾಜು ಬರೆಸಿಕೊಂಡರು. ಆಮೇಲೆ "ನೀವು ಆಗ ಏನು ಬರೆದಿದ್ದಿರಿ, ನೆನಪು ಮಾಡಿಕೊಳ್ಳಿ" ಎಂದರು. ನಿಜವಾಗಿ ನಡೆದ ಸಂಗತಿಗಳಿಗೆ ತಾವು ಕೊಟ್ಟದ್ದಕ್ಕಿಂತ ಹೆಚ್ಚು ಅಂಕ ಕೊಟ್ಟಿದ್ದೆವು ಎಂದೇ ಅವರಲ್ಲಿ ಹೆಚ್ಚಿನವರು ನೆನಪಿಸಿಕೊಂಡರು. ನೆನಪು ಹೀಗೆ ತಿದ್ದಿಕೊಳ್ಳುತ್ತದೆ. ಹಾಳೆ ತಿದ್ದಿಕೊಳ್ಳುವುದಿಲ್ಲ.

ಕೊರಗು ಪೂರ್ತಿ ಹೋಗಿಲ್ಲ. ಆದರೆ ನನ್ನನ್ನು ನಾನು ಹೇಡಿ ಎಂದು ಕರೆದುಕೊಳ್ಳುವುದು ನಿಂತಿದೆ.

ಆಫೀಸಿನಲ್ಲಿ

ಮೂರು ಸಾಲು ದೊಡ್ಡ ತೀರ್ಮಾನಕ್ಕೆ ಮಾತ್ರವಲ್ಲ. ಒಮ್ಮೆ ಆಫೀಸಿನಲ್ಲಿ ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋಯಿತು, ಸಹಿ ನನ್ನದು. "ಈ ಪಾರ್ಟಿ ಯಾವತ್ತೂ ಸರಿಯಾಗಿಯೇ ಕಳಿಸುತ್ತದೆ" ಎಂದು ನೋಡದೆ ಪಾಸು ಮಾಡಿದ್ದೆ. ಅಂದುಕೊಂಡದ್ದನ್ನು ಗೊತ್ತಿರುವುದಕ್ಕೆ ಸೇರಿಸಿದ್ದೆ. ಅಂದಿನಿಂದ ಮೇಜಿನ ಮೇಲೆ ನಾಲ್ಕು ಪ್ರಶ್ನೆಯ ಚೀಟಿ ಇಟ್ಟೆ: ಬಿಲ್ ನಂಬರು ಹಿಂದೆ ಬಂದಿದೆಯೇ? ಆರ್ಡರು ಇದೆಯೇ? ಮಾಲು ಬಂದಿದೆಯೇ? ಖಾತೆ ನಂಬರು ಹಳೆಯದೇ? ನಲವತ್ತು ಸೆಕೆಂಡಿನ ಕೆಲಸ.

ಚೀಟಿ ನೋಡಿ ಕೆಲಸ ಮಾಡುವುದು ದಡ್ಡರ ಲಕ್ಷಣ ಎನ್ನುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಯ ಕೋಣೆಗೆಂದು 19 ಅಂಶಗಳ ಪಟ್ಟಿ ಮಾಡಿತು. ರೋಗಿ ಇವರೇ ತಾನೆ, ಶಸ್ತ್ರಚಿಕಿತ್ಸೆ ಇದೇ ಜಾಗಕ್ಕೆ ತಾನೆ, ಇಂಥವು. ನವದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು: ಸಾವಿನ ಪ್ರಮಾಣ ನೂರಕ್ಕೆ 1.5ರಿಂದ 0.8ಕ್ಕೆ ಇಳಿದಿತ್ತು. ಇದಕ್ಕೆ ಇನ್ನೊಂದು ಮುಖವೂ ಇದೆ. ಕೆನಡಾದ ಒಂಟಾರಿಯೊದಲ್ಲಿ ನೂರಕ್ಕೂ ಹೆಚ್ಚು ಆಸ್ಪತ್ರೆಗಳಲ್ಲಿ ಪಟ್ಟಿ ಕಡ್ಡಾಯವಾದ ಮೇಲೆ ಅಂಥ ಲಾಭ ಕಾಣಲಿಲ್ಲ ಎಂದು 2014ರ ಅಧ್ಯಯನ ಹೇಳಿತು. ಪಟ್ಟಿ ಇದ್ದರೆ ಸಾಲದು. ನಿಜವಾಗಿ ನಿಂತು ನೋಡದೆ ಟಿಕ್ ಹಾಕುತ್ತ ಹೋದರೆ ಅದೂ ಇನ್ನೊಂದು ಓಟವೇ.

ಅಣ್ಣ ಫೋನ್ ಎತ್ತಲಿಲ್ಲ

ಊರಿನಿಂದ ದೂರ ಇರುವವರಿಗೆ ಈ ಲೆಕ್ಕ ಇನ್ನೂ ಅಗತ್ಯ ಎಂದು ನನ್ನ ಅನುಭವ. ನಮಗೂ ಮನೆಯವರಿಗೂ ನಡುವೆ ಇರುವುದು ಫೋನು ಮಾತ್ರ. ಕಾಣದ ಜಾಗವನ್ನೆಲ್ಲ ಮನಸ್ಸು ಊಹೆಯಿಂದ ತುಂಬುತ್ತದೆ.

ಎರಡು ವರ್ಷದ ಹಿಂದೆ, ಮಳೆಗಾಲದಲ್ಲಿ, ಅಣ್ಣ ಮೂರು ದಿನ ನನ್ನ ಫೋನ್ ಎತ್ತಲಿಲ್ಲ. ಅದಕ್ಕೆ ಮೊದಲು ಮನೆಯ ಮಾಡು ರಿಪೇರಿಯ ಖರ್ಚಿನ ಬಗ್ಗೆ ಸ್ವಲ್ಪ ಬಿರುಸಿನ ಮಾತಾಗಿತ್ತು. ಮೂರನೇ ದಿನಕ್ಕೆ ನನ್ನ ತಲೆಯಲ್ಲಿ ಇಡೀ ಪಾಲು ಪಂಚಾಯಿತಿಯೇ ನಡೆದುಹೋಗಿತ್ತು. "ಮಾಡಿಗೂ ನನಗೂ ಸಂಬಂಧ ಇಲ್ಲ, ನಿನ್ನ ಮನೆ ನೀನು ನೋಡಿಕೋ" ಎಂದು ಉದ್ದ ಮೆಸೇಜು ಬರೆದು ಕಳಿಸುವುದರಲ್ಲಿದ್ದೆ. ಕೈ ತಡೆದು ಅದೇ ಮೊಬೈಲಿನಲ್ಲಿ ಬರೆದೆ. ಗೊತ್ತಿರುವುದು: ಅಣ್ಣ ಫೋನ್ ಎತ್ತಿಲ್ಲ. ಅಂದುಕೊಂಡದ್ದು: ಅವನಿಗೆ ಸಿಟ್ಟು. ಆಸೆ: ಅವನೇ ಮೊದಲು ಮಾತಾಡಲಿ. ಗೊತ್ತಿರುವುದು ಒಂದೇ ಒಂದು ಸಾಲು!

ಪಕ್ಕದ ಮನೆಗೆ ಫೋನ್ ಮಾಡಿದೆ. ಗಾಳಿಗೆ ತಂತಿ ಕಡಿದು ಮೂರು ದಿನದಿಂದ ಕರೆಂಟಿಲ್ಲ, ಅಣ್ಣನ ಮೊಬೈಲು ಸತ್ತುಬಿದ್ದಿದೆ ಎಂದರು. ಫೋನು ಅಣ್ಣನ ಕೈಗೆ ಹೋಯಿತು. "ಎಂತ ಮಾರಾಯ, ಮಾಡು ಸೋರ್ತಾ ಉಂಟು, ಅಮ್ಮನನ್ನು ಒಳಗಿನ ಕೋಣೆಗೆ ಹಾಕಿದ್ದೇನೆ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಮರುದಿನ ಹಣ ಕಳಿಸಿದೆ. ಆ ಮೆಸೇಜು ಹೋಗಿದ್ದರೆ, ಕರೆಂಟು ಬಂದ ತಕ್ಷಣ ಅವನು ಮೊದಲು ಓದುತ್ತಿದ್ದದ್ದು ಅದನ್ನೇ.

ನಿಮ್ಮ ತಲೆಯಲ್ಲೂ ಈಗ ಒಂದು ವಿಷಯ ಕೊರೆಯುತ್ತಿರಬಹುದು. ಕೆಲಸ ಬಿಡುವುದೋ, ಫ್ಲ್ಯಾಟಿಗೆ ಸಾಲ ಮಾಡುವುದೋ, ಊರಿಗೆ ಮರಳುವುದೋ. ಇವತ್ತು ರಾತ್ರಿ ಊಟವಾದ ಮೇಲೆ ಒಂದು ಹಾಳೆಯಲ್ಲಿ ಮೂರು ಸಾಲು ಎಳೆಯಿರಿ. ಎರಡನೇ ಸಾಲಿನಲ್ಲಿ ಅತಿ ಹೆಚ್ಚು ಭಾರ ಹೊತ್ತಿರುವ ಒಂದು ಮಾತು ಯಾವುದೆಂದು ಗುರುತು ಹಾಕಿ, ಅದನ್ನು ಎರಡು ದಿನದಲ್ಲಿ, ಕಡಿಮೆ ಖರ್ಚಿನಲ್ಲಿ ಪರೀಕ್ಷಿಸುವುದು ಹೇಗೆಂದು ಯೋಚಿಸಿ. ಹಾಳೆಗೆ ತಾರೀಕು ಹಾಕಿ ಎತ್ತಿಡಿ. ತೀರ್ಮಾನ ಏನೇ ಇರಲಿ, ಮುಂದೊಂದು ದಿನ ಆ ಹಾಳೆ ಬೇಕಾಗುತ್ತದೆ.

ಮಾವ ತೀರಿಕೊಂಡು ಮೂರು ವರ್ಷವಾಯಿತು. ಅವರ ಪುಸ್ತಕಗಳಲ್ಲಿ ಒಂದು ನನ್ನಲ್ಲಿದೆ. ಮೂರನೇ ಸಾಲಿನಲ್ಲಿ ಬರೆದ ಎಷ್ಟೋ ಆರ್ಡರುಗಳ ಮೇಲೆ ಅಡ್ಡಗೆರೆ ಇದೆ. ಆದರೂ ಮರುದಿನದ ಪುಟದಲ್ಲಿ ಮೂರನೇ ಸಾಲು ಮತ್ತೆ ಇದೆ. ಒಂದು ದಿನವೂ ಅವರು ಅದನ್ನು ಖಾಲಿ ಬಿಟ್ಟಿಲ್ಲ.